ಹೆಸರು ಮುಚ್ಚಿಟ್ಟರೂ ವಿಳಾಸ ತೆರೆದೇ ಇದೆ

ಶಿವಮೊಗ್ಗ: ಪೋಕ್ಸೊ ಪ್ರಕರಣವೊಂದರಲ್ಲಿ ಅಪರಾಧಿಗೆ ಶಿಕ್ಷೆಯಾದ ದಿನ ಸುದ್ದಿಮನೆಗಳಿಗೆ ಬರುವ ಪ್ರಕಟಣೆಗೆ ಒಂದು ಸಿದ್ಧ ಅಚ್ಚಿದೆ. ಇಸವಿ, ಠಾಣೆಯ ವ್ಯಾಪ್ತಿ, ಬಾಲಕಿಯ ವಯಸ್ಸು, ಅಪರಾಧಿಯ ಹೆಸರು, ಅವನ ವಯಸ್ಸು, ಅವನ ಊರು. ಕೊನೆಗೆ ಸೆರೆವಾಸದ ಅವಧಿ ಮತ್ತು ದಂಡದ ಮೊತ್ತ. ಬಾಲಕಿಯ ಹೆಸರು ಮಾತ್ರ ಇರುವುದಿಲ್ಲ. ಸುದ್ದಿಯ ಮೇಜಿನಲ್ಲಿ ಕುಳಿತವರು ಅದರ ಮೇಲೊಮ್ಮೆ ಕಣ್ಣಾಡಿಸಿ, ಹೆಸರಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಪ್ರಕಟಣೆಗೆ ಬಿಡುತ್ತಾರೆ. ಕಾನೂನಿನ ಪಾಲನೆಯಾಯಿತೆಂಬ ಸಮಾಧಾನ ಎಲ್ಲರಿಗೂ.

ಮಹಾನಗರದಲ್ಲಿ ಇಷ್ಟು ವಿವರದಿಂದ ಯಾರನ್ನೂ ಗುರುತಿಸಲಾಗದೇನೋ. ಶಿವಮೊಗ್ಗ, ಭದ್ರಾವತಿಗಳ ಲೆಕ್ಕ ಬೇರೆ. ಸಾಗರ ರಸ್ತೆಯ ಆಲ್ಕೊಳವನ್ನೇ ತೆಗೆದುಕೊಳ್ಳಿ. ನಗರದ ಭಾಗವೇ ಆದರೂ ಇಂಥ ಬಡಾವಣೆಗಳಲ್ಲಿ ಯಾರ ಮನೆ ಯಾವುದು, ಯಾರ ಮಗಳು ಯಾವ ಶಾಲೆಗೆ ಹೋಗುತ್ತಾಳೆ ಎಂಬುದು ಹಾಲು ತರುವವರಿಗೂ ಗೊತ್ತು, ಕಿರಾಣಿ ಅಂಗಡಿಯವರಿಗೂ ಗೊತ್ತು. ಇಲ್ಲಿ ಆರೋಪಿಯ ಹೆಸರು, ಬಾಲಕಿಯ ವಯಸ್ಸು, ‘ಸಂಬಂಧಿ’ ಎಂಬ ಒಂದೇ ಒಂದು ಪದ ಸಾಕು. ಆರೋಪಿ ತಂದೆಯೋ ಚಿಕ್ಕಪ್ಪನೋ ಆಗಿದ್ದರಂತೂ ಅವನ ಹೆಸರನ್ನು ಅಚ್ಚು ಹಾಕುವುದೆಂದರೆ ಆಕೆಯ ಹೆಸರನ್ನೇ ಹಾಕಿದಂತೆ.

ಕಾನೂನು ಕೇಳುವುದು ಬರೀ ಹೆಸರನ್ನು ಬಿಟ್ಟುಬಿಡಿ ಎಂದಲ್ಲ. 1983ರ ತಿದ್ದುಪಡಿಯಿಂದ ಭಾರತೀಯ ದಂಡ ಸಂಹಿತೆಗೆ ಸೇರಿದ 228ಎ ಕಲಮು, ಸಂತ್ರಸ್ತೆಯ ಹೆಸರನ್ನಷ್ಟೇ ಅಲ್ಲದೆ ಆಕೆಯ ಗುರುತು ತಿಳಿಯಬಹುದಾದ ಯಾವುದೇ ಸಂಗತಿಯನ್ನು ಪ್ರಕಟಿಸುವುದನ್ನೂ ಅಪರಾಧವಾಗಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಅದರ ಸ್ಥಾನದಲ್ಲಿದೆ. ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ ಮೊದಲಿನಂತೆಯೇ ಉಳಿದಿವೆ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಇನ್ನೂ ಸ್ಪಷ್ಟ. ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಇವುಗಳಲ್ಲಿ ಯಾವುದೂ ಮಾಧ್ಯಮದಲ್ಲಿ ಬರಕೂಡದು. ‘ನೆರೆಹೊರೆ’ ಎಂಬ ಪದವನ್ನು ಸಂಸತ್ತು ಸುಮ್ಮನೆ ಸೇರಿಸಿಲ್ಲ. ಮೇಲೆ ಹೇಳಿದ ಪ್ರಕಟಣೆಯ ಅಚ್ಚನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರೆ ನಾವು ಎಲ್ಲಿ ನಿಂತಿದ್ದೇವೆ ಎಂಬುದು ತಿಳಿಯುತ್ತದೆ.

ನ್ಯಾಯಾಲಯದ ಕಡತವೂ ಇದಕ್ಕೆ ಹೊರತಾಗಿರಲಿಲ್ಲ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ತೀರ್ಪಿನ ಪ್ರಕಟಣೆಗೆ 228ಎ ನಿರ್ಬಂಧ ಅನ್ವಯಿಸುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕರ್ನಾಟಕದಿಂದ ಹೋದ ಒಂದು ಪ್ರಕರಣವೆಂಬುದು ಗಮನಾರ್ಹ. ಅಪರಾಧಿಯ ಶಿಕ್ಷೆಯನ್ನು ಹೈಕೋರ್ಟ್ ಇಳಿಸಿದ್ದನ್ನು ಪ್ರಶ್ನಿಸಿ ರಾಜ್ಯ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿಯನ್ನು 2003ರ ನವೆಂಬರ್‌ನಲ್ಲಿ ಇತ್ಯರ್ಥಪಡಿಸುವಾಗ ಸುಪ್ರೀಂ ಕೋರ್ಟ್, ಸಂತ್ರಸ್ತೆಯನ್ನು ಸಮಾಜ ಮತ್ತೊಮ್ಮೆ ಬಲಿಪಶುವಾಗಿಸುವುದನ್ನು ತಡೆಯುವುದೇ ಈ ಕಾನೂನಿನ ಉದ್ದೇಶವಾದ್ದರಿಂದ ಯಾವ ಹಂತದ ನ್ಯಾಯಾಲಯವೂ ತೀರ್ಪಿನಲ್ಲಿ ಆಕೆಯ ಹೆಸರನ್ನು ಕಾಣಿಸದಿರುವುದು ಸೂಕ್ತವೆಂದು ಹೇಳಿತು.

ಹದಿನೈದು ವರ್ಷಗಳ ಬಳಿಕ, 2018ರ ಡಿಸೆಂಬರ್ 11ರಂದು, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಅಲ್ಲಿ ನ್ಯಾಯಪೀಠ ಕೊಟ್ಟ ಎರಡು ನಿದರ್ಶನಗಳನ್ನು ಪ್ರತಿಯೊಬ್ಬ ವರದಿಗಾರನೂ ನೆನಪಿಟ್ಟುಕೊಳ್ಳಬೇಕು. ಒಂದು ವರದಿಯಲ್ಲಿ ಹೆಸರಿರಲಿಲ್ಲ, ಆದರೆ ಸಂತ್ರಸ್ತೆ ರಾಜ್ಯದ ಪರೀಕ್ಷಾ ಮಂಡಳಿಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದವಳೆಂದೂ ಅದು ಯಾವ ರಾಜ್ಯವೆಂದೂ ಬರೆಯಲಾಗಿತ್ತು. ಇನ್ನೊಂದರಲ್ಲಿ ದೂರದರ್ಶನದ ಪರದೆ ಸಂತ್ರಸ್ತೆಯ ಮುಖವನ್ನು ಮಸುಕಾಗಿಸಿ, ಬಂಧುಗಳ ಮುಖವನ್ನೂ ನೆರೆಯವರನ್ನೂ ಊರಿನ ಹೆಸರನ್ನೂ ನಿಚ್ಚಳವಾಗಿ ತೋರಿಸಿತ್ತು. ಇದೂ ಗುರುತು ಬಹಿರಂಗಪಡಿಸಿದಂತೆಯೇ ಎಂದಿತು ಪೀಠ. ಎಫ್‌ಐಆರ್ ಸಾರ್ವಜನಿಕರ ಕೈಗೆ ಸಿಗಕೂಡದು, ಗುರುತಿರುವ ದಾಖಲೆಗಳು ಮುಚ್ಚಿದ ಲಕೋಟೆಯಲ್ಲಿರಬೇಕು ಎಂಬ ನಿರ್ದೇಶನಗಳೂ ಆ ತೀರ್ಪಿನವೇ.

ಇಷ್ಟೆಲ್ಲ ಇದ್ದೂ ಹಾಸನದಲ್ಲಿ ಆದದ್ದೇನು? 2024ರ ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ವಿರುದ್ಧ ಆರೋಪ ಹೊರಿಸಲು ಬಳಕೆಯಾದ ಆ ದೃಶ್ಯಗಳಲ್ಲಿ ಮಹಿಳೆಯರ ಮುಖಗಳನ್ನು ಮರೆಮಾಡಿರಲಿಲ್ಲ. ದೂರು ದಾಖಲಾಗುವ ಮೊದಲೇ, ಪೊಲೀಸರು ಬಾಗಿಲು ತಟ್ಟುವ ಮೊದಲೇ, ಆ ಮಹಿಳೆಯರ ಗುರುತು ಊರಿನ ಮೊಬೈಲುಗಳಲ್ಲಿತ್ತು. ಕೆಲವರು ಮನೆ ಬಿಟ್ಟು ಹೋದರೆಂದು ಆ ದಿನಗಳಲ್ಲಿ ವರದಿಯಾಯಿತು. ದೃಶ್ಯಗಳನ್ನು ಹಂಚುವುದು ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸುವ ಹೊತ್ತಿಗೆ ತಡವಾಗಿತ್ತು. ಚುನಾವಣಾ ಕಣದಲ್ಲಿ ಚರ್ಚೆಯಾದದ್ದು ಯಾವ ಪಕ್ಷಕ್ಕೆ ಲಾಭ, ಯಾವುದಕ್ಕೆ ನಷ್ಟವೆಂಬುದು. ಚಿತ್ರೀಕರಣ ಒಂದು ಅಪರಾಧವಾದರೆ ಹಂಚಿಕೆ ಇನ್ನೊಂದು. ಎರಡನೆಯದರ ಬಗ್ಗೆ ರಾಜ್ಯ ಮೊದಲನೆಯದರಷ್ಟು ಆಸ್ಥೆಯಿಂದ ಮಾತನಾಡಲಿಲ್ಲವೆಂಬುದು ಈ ವರದಿಗಾರನ ಅಭಿಪ್ರಾಯ.

ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. ತನ್ನ ವಿರುದ್ಧದ ದಾಖಲೆಗಳ ಪ್ರತಿ ಪಡೆಯುವುದು ಆರೋಪಿಯ ಹಕ್ಕು. ಅದಿಲ್ಲದೆ ನ್ಯಾಯಯುತ ವಿಚಾರಣೆಯಿಲ್ಲ. ಆದರೆ ದಾಖಲೆಯೇ ಅಂಥ ದೃಶ್ಯವಾಗಿದ್ದರೆ? ಮಲಯಾಳಂ ನಟಿಯೊಬ್ಬರ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ ಆರೋಪಿಯಾಗಿದ್ದ ನಟರೊಬ್ಬರು ಮೆಮೊರಿ ಕಾರ್ಡಿನ ಪ್ರತಿ ಕೇಳಿದಾಗ ಸುಪ್ರೀಂ ಕೋರ್ಟ್ 2019ರ ನವೆಂಬರ್ 29ರಂದು ಇದಕ್ಕೆ ಉತ್ತರ ಕೊಟ್ಟಿತ್ತು. ಕಾರ್ಡಿನಲ್ಲಿರುವುದು ಕಾನೂನಿನ ದೃಷ್ಟಿಯಲ್ಲಿ ದಾಖಲೆಯೇ ಹೌದು, ಆದರೆ ಸಂತ್ರಸ್ತೆಯ ಖಾಸಗಿತನಕ್ಕಾಗಿ ಪ್ರತಿ ಕೊಡುವಂತಿಲ್ಲ. ಆರೋಪಿ, ಅವರ ವಕೀಲರು ಹಾಗೂ ತಜ್ಞರು ಪರಿಶೀಲಿಸಬಹುದು, ಅಷ್ಟೆ. ಹಾಸನದ ಪ್ರಕರಣದಲ್ಲಿಯೂ 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಇತರ ಮಹಿಳೆಯರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಎಲ್ಲ ದೃಶ್ಯಗಳನ್ನೂ ಆರೋಪಿಗೆ ಒದಗಿಸಲಾಗದೆಂದು ಹೇಳಿತು. ದೂರು ನೀಡದೆ ಮೌನವಾಗಿರಲು ಬಯಸಿದ ಮಹಿಳೆಗೂ ಖಾಸಗಿತನವಿದೆ ಎಂಬುದನ್ನು ಈ ನಿಲುವು ಎತ್ತಿಹಿಡಿದಂತಾಯಿತು.

ಆದರೆ ಲಕೋಟೆ ಮುಚ್ಚಿಯೇ ಇರುತ್ತದೆಂಬ ಭರವಸೆಯನ್ನು ಯಾರು ಕೊಡುತ್ತಾರೆ? ಕೇರಳದ ಆ ಮೆಮೊರಿ ಕಾರ್ಡು ನ್ಯಾಯಾಲಯದ ವಶದಲ್ಲಿದ್ದಾಗಲೇ ಅನಧಿಕೃತವಾಗಿ ತೆರೆಯಲ್ಪಟ್ಟಿತೆಂಬ ದೂರಿನ ಮೇಲೆ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ತನಿಖೆಗೆ ಆದೇಶಿಸಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನು ಇಲ್ಲಿ ಬಳಸಲು ಮನಸ್ಸು ಹಿಂಜರಿಯುತ್ತದೆ, ಬೇರೆ ಮಾತು ಸಿಗುತ್ತಿಲ್ಲ.

2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ಅವರನ್ನು ಒಂದು ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟ್ ಮೆಟ್ಟಿಲೇರಿದ್ದಾರೆ. ಆ ಎರಡು ದಿನಗಳ ವರದಿಗಳನ್ನು ಈಗ ತಿರುವಿ ನೋಡಿದರೆ ಸಂತ್ರಸ್ತೆಯ ಹೆಸರು ಸಿಗದು. ಆಕೆಯ ವಯಸ್ಸು ಸಿಗುತ್ತದೆ, ಊರು ಸಿಗುತ್ತದೆ, ಮಾಡುತ್ತಿದ್ದ ಕೆಲಸ ಸಿಗುತ್ತದೆ, ಯಾರಲ್ಲಿ ಕೆಲಸಕ್ಕಿದ್ದರೆಂಬುದೂ ಸಿಗುತ್ತದೆ. ಆ ವಿವರಗಳನ್ನು ಇಲ್ಲಿ ಪುನಃ ಬರೆಯುವುದಿಲ್ಲ.

ಪತ್ರಿಕೆ ಒಂದು ದಿನಕ್ಕೆ ಹಳೆಯದಾಗುತ್ತಿತ್ತು, ಅಂತರ್ಜಾಲ ಹಾಗಲ್ಲ. ಮಗಳ ಹೆಸರನ್ನು ಶೋಧಿಸಿದವರಿಗೆಲ್ಲ ಆಕೆಯ ಹಳೆಯ ಮೊಕದ್ದಮೆಯ ಆದೇಶ ಕಾಣಿಸುತ್ತದೆಂದು ತಂದೆಯೊಬ್ಬರು ಕರ್ನಾಟಕ ಹೈಕೋರ್ಟ್‌ಗೆ ಮೊರೆಹೋಗಿದ್ದರು. ಅದು ಅತ್ಯಾಚಾರದ ಪ್ರಕರಣವಲ್ಲ. ಆದರೂ 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು, ಮಹಿಳೆಯರ ಮಾನ ಮತ್ತು ಗೌರವಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ‘ಮರೆಯಲ್ಪಡುವ ಹಕ್ಕು’ ಅನ್ಯ ದೇಶಗಳಲ್ಲಿರುವುದನ್ನು ಉಲ್ಲೇಖಿಸಿ, ಶೋಧದಲ್ಲಿ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಲು ಕಚೇರಿಗೆ ಸೂಚಿಸಿದರು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಉಳಿಯಿತು. ವಿಪರ್ಯಾಸವೆಂದರೆ ಆ ಆದೇಶ ಇಂದು ಕಾನೂನು ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಆ ತಂದೆಯ ಹೆಸರಿನಿಂದಲೇ.

ಗುರುತನ್ನು ಮುಚ್ಚುವುದು ಆಕೆಗೆ ಅವಮಾನವಾಗಿದೆ ಎಂಬ ನಂಬಿಕೆಯನ್ನೇ ಬಲಪಡಿಸುತ್ತದಲ್ಲವೇ ಎಂಬ ವಾದವೂ ಇದೆ. ಕೋಲ್ಕತ್ತದ ಸುಜೆಟ್ ಜೋರ್ಡನ್ 2013ರಲ್ಲಿ ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಈ ನಂಬಿಕೆಗೆ ಸವಾಲೆಸೆದಿದ್ದರು. ಕಾನೂನು ಅದನ್ನು ತಡೆಯುವುದಿಲ್ಲ. ವಯಸ್ಕಳಾದ ಸಂತ್ರಸ್ತೆ ಲಿಖಿತ ಒಪ್ಪಿಗೆ ಕೊಟ್ಟರೆ ಹೆಸರು ಪ್ರಕಟಿಸಬಹುದು. ತೀರ್ಮಾನ ಆಕೆಯದಾಗಿರಬೇಕು, ಠಾಣೆಯದೋ ಸುದ್ದಿಮನೆಯದೋ ಅಲ್ಲ.

ಇನ್ನು ನಮ್ಮ ಜಿಲ್ಲೆಗೆ ಮರಳಿ ನೋಡುವುದಾದರೆ, ದೂರು ದಾಖಲಾದ ದಿನದಿಂದ ಸಂತ್ರಸ್ತೆಯ ಹೆಸರಿರುವ ಕಾಗದ ಠಾಣೆ, ಆಸ್ಪತ್ರೆ, ಮ್ಯಾಜಿಸ್ಟ್ರೇಟರ ಕಚೇರಿ, ಪ್ರಯೋಗಾಲಯ, ವಕೀಲರ ಕೊಠಡಿ, ಪರಿಹಾರಕ್ಕಾಗಿ ಕಾನೂನು ಸೇವಾ ಪ್ರಾಧಿಕಾರ ಹೀಗೆ ಹಲವು ಮೇಜುಗಳನ್ನು ದಾಟುತ್ತದೆ. ಇವುಗಳಲ್ಲಿ ಜನರ ಕಣ್ಣಿಗೆ ಬೀಳುವುದು ಬಹುಶಃ ಅತ್ಯಂತ ಸಣ್ಣದು: ಸಾಕ್ಷ್ಯ ನುಡಿಯಲು ಬರಬೇಕೆಂಬ ಸಮನ್ಸ್. ಮಗುವಿನ ಹೇಳಿಕೆ ದಾಖಲಿಸುವಾಗ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಕೂಡದೆಂದು ಪೋಕ್ಸೊ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಆ ಮಾತು ಹೇಳಿಕೆಯ ಹೊತ್ತಿಗೆ ಸೀಮಿತ. ತಿಂಗಳುಗಳ ನಂತರ ಸಮನ್ಸ್ ಹಿಡಿದು ಬರುವ ಪೇದೆ ಖಾಕಿಯಲ್ಲಿಯೇ ಬಂದು, ತಿರುವಿನ ಅಂಗಡಿಯಲ್ಲಿ ಮನೆ ಯಾವುದೆಂದು ವಿಚಾರಿಸಿದರೆ ನಿಯಮ ಮುರಿದಂತಾಗುವುದಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಒಂದು ಸುತ್ತೋಲೆಯಿಂದ ಇದನ್ನು ಸರಿಪಡಿಸಬಹುದು, ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರಕಟಣೆಯ ಅಚ್ಚಿನಿಂದ ಊರನ್ನೂ ಸಂಬಂಧವನ್ನೂ ತೆಗೆಯಲು ಅದೇ ಸುತ್ತೋಲೆಯಲ್ಲಿ ಇನ್ನೆರಡು ಸಾಲು ಸಾಕು.