ಇನ್ನೂರು ಗಂಟೆ ಹಾರಿದ ಮೇಲೆ

ಎಂಟನೆಯ ತರಗತಿಯವರಿಗೆ ‘ನನ್ನ ಗುರಿ’ ಎಂಬ ಪ್ರಬಂಧ ಕೊಟ್ಟಾಗಲೆಲ್ಲ ನಾಲ್ಕೈದು ಮಕ್ಕಳಾದರೂ ‘ನಾನು ಪೈಲಟ್ ಆಗುತ್ತೇನೆ’ ಎಂದು ಬರೆಯುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. ಕೊಲ್ಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಜ್ಜಿಯ ಮನೆಯ ದಾರಿ ಎಂದರೆ ವಿಮಾನವೇ. ನಾವೂ ಒಳ್ಳೆಯ ಅಂಕ ಕೊಟ್ಟು, ಕೆಳಗೆ ‘ಶುಭವಾಗಲಿ’ ಎಂದು ಬರೆದು ಪುಸ್ತಕ ಹಿಂದಿರುಗಿಸುತ್ತೇವೆ.

ಹಾಗೆ ಬರೆಸಿಕೊಂಡಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಶಾಲೆಗೆ ಬಂದಿದ್ದ. ಲೈಸೆನ್ಸ್ ಸಿಕ್ಕಿ ಎರಡು ವರ್ಷವಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ರಜೆಗೂ ಊರಿಗೆ ಹೋಗುತ್ತಿಲ್ಲವಂತೆ. “ಹೋದರೆ ಎಲ್ಲರೂ ಯಾವ ವಿಮಾನ ಓಡಿಸ್ತಿದ್ದೀಯ ಅಂತಾನೇ ಕೇಳ್ತಾರೆ ಮೇಡಂ” ಎಂದು ತಲೆ ತಗ್ಗಿಸಿದ. ಬರೀ ‘ಶುಭವಾಗಲಿ’ ಸಾಲದು ಎಂದು ನಮಗೆ ಅಂದು ಅನ್ನಿಸಿತು. ಕನ್ನಡ ಕಲಿಸುವವರಿಗೆ ವಿಮಾನದ ಉಸಾಬರಿ ಏಕೆ ಎನ್ನಬೇಡಿ. ಮಕ್ಕಳ ಕನಸನ್ನು ಮೊದಲು ಓದುವವರು ನಾವೇ ತಾನೇ!

ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಈ ಹಾರಾಟವೆಲ್ಲ ಬಹುಮಟ್ಟಿಗೆ ಸಣ್ಣ ವಿಮಾನಗಳಲ್ಲಿ. ಏರ್‌ಬಸ್ ಅಥವಾ ಬೋಯಿಂಗ್ ನಡೆಸಲು ‘ಟೈಪ್ ರೇಟಿಂಗ್’ ಎಂಬ ಬೇರೆ ತರಬೇತಿ ಆಗಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ ಖರ್ಚು. ಅಮೆರಿಕದಲ್ಲಿ 2013ರಿಂದ ವಿಮಾನಯಾನ ಕಂಪನಿ ಸೇರಲು ಸಾಮಾನ್ಯವಾಗಿ 1500 ಗಂಟೆಗಳ ಅನುಭವ ಬೇಕು. ಭಾರತದಲ್ಲಿ 200 ಗಂಟೆಯವರೂ ಸಹಪೈಲಟ್ ಆಗಬಹುದು. ಬಾಗಿಲು ತೆರೆದಿದೆ ನಿಜ, ಆದರೆ ಅದರ ಮುಂದೆ ಸಾಲು ಉದ್ದವಿದೆ.

ಆ ಸಾಲು ಒಂದೇ ರೀತಿ ಇರುವುದೂ ಇಲ್ಲ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ನಡುವೆ 2020ರಲ್ಲಿ ಕೋವಿಡ್ ಬಂತು. ಪ್ರತಿ ಸಲವೂ ಸಾವಿರಾರು ಗಂಟೆ ಹಾರಿದವರು ಕೆಲಸ ಹುಡುಕುತ್ತಾ ಬಂದು ಅದೇ ಸಾಲಿನ ಮುಂದೆ ನಿಂತರು. 200 ಗಂಟೆಯ ಹುಡುಗ ಹುಡುಗಿಯರು ಹಿಂದೆ ಸರಿದರು. ಅದು ಅವರ ತಪ್ಪೇ? 2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು ಸಂತೋಷದ ಸುದ್ದಿ. ಆದರೆ ಅವೆಲ್ಲ ಕೈಸೇರಲು ವರ್ಷಗಳೇ ಬೇಕು. ಬ್ಯಾಂಕಿನ ಕಂತು ಮಾತ್ರ ಕಾಯುವುದಿಲ್ಲ!

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇದು: ಕಾಯುವ ಕಾಲವನ್ನೂ ಓದಿನ ಒಂದು ಭಾಗವೆಂದೇ ಲೆಕ್ಕಕ್ಕೆ ಹಿಡಿಯಿರಿ. ಶುಲ್ಕ ಕಟ್ಟುವ ಮೊದಲೇ ಮಗುವಿನ ವೈದ್ಯಕೀಯ ಪರೀಕ್ಷೆ ಮಾಡಿಸಿ. ಕಣ್ಣಿನ ಒಂದು ದೋಷ ಕನಸನ್ನೇ ನಿಲ್ಲಿಸಬಹುದು. ಹಣವನ್ನು ತರಬೇತಿಗೆ, ಟೈಪ್ ರೇಟಿಂಗಿಗೆ, ಕಾಯುವ ದಿನಗಳಿಗೆ ಎಂದು ಮೂರು ಪಾಲು ಮಾಡಿ. ಕೆಲಸವಿಲ್ಲದಿದ್ದರೂ ವೈದ್ಯಕೀಯ ಪರೀಕ್ಷೆ, ಉಪಕರಣಗಳ ನೆರವಿನಿಂದ ಹಾರುವ ಪರೀಕ್ಷೆ ಇವನ್ನು ಕಾಲಕಾಲಕ್ಕೆ ಮತ್ತೆ ಮಾಡಿಸುತ್ತಿರಬೇಕು; ಮೂರನೆಯ ಪಾಲು ಅದಕ್ಕೆ. ಅಷ್ಟು ಕೂಡದಿದ್ದರೆ ಊರಿನ ತೋಟ ಅಡವಿಡುವ ಮುನ್ನ ಇನ್ನೊಮ್ಮೆ ಯೋಚಿಸಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಕ್ಕಳಿಗೂ ಎರಡು ಮಾತು. ಲೈಸೆನ್ಸಿನ ಜೊತೆಗೆ ಒಂದು ಪದವಿಯನ್ನೂ ಮುಗಿಸಿಕೊಳ್ಳಿ. ಬೋಧಕರ ಅರ್ಹತೆ ಪಡೆದು ತರಬೇತಿ ಶಾಲೆಯಲ್ಲಿ ಕಲಿಸುವುದು ಸಣ್ಣ ಕೆಲಸವಲ್ಲ. ಅಲ್ಲಿ ಸಂಬಳವೂ ಬರುತ್ತದೆ, ಹಾರಾಟದ ಗಂಟೆಗಳೂ ಕೂಡುತ್ತವೆ. ಕಲಿಸಿದವರೇ ಚೆನ್ನಾಗಿ ಕಲಿಯುತ್ತಾರೆ ಎಂಬುದು ನಮ್ಮ ಅನುಭವದ ಮಾತು. ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ದೂರವಿಡಿ. ಹಾರದ ಗಂಟೆಯನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಡಿ. 2011ರಲ್ಲಿ ಸುಳ್ಳು ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದು ಅದನ್ನು ಕಳೆದುಕೊಂಡರು. ನಿಮ್ಮ ಹಿಂದೆ ಕುಳಿತ ನೂರೆಂಬತ್ತು ಜನ ನಂಬುವುದು ಆ ಪುಸ್ತಕದ ಸತ್ಯವನ್ನೇ.

ಕೊನೆಯದಾಗಿ, ನಮ್ಮೆಲ್ಲರಿಗೂ ಒಂದು ಮಾತು. ಮದುವೆ ಮನೆಯಲ್ಲೋ ಕನ್ನಡ ಸಂಘದ ಊಟದ ಪಂಕ್ತಿಯಲ್ಲೋ ಇಂಥ ಮಕ್ಕಳು ಸಿಕ್ಕಿದಾಗ “ಇನ್ನೂ ಕೆಲಸ ಸಿಗಲಿಲ್ವಾ?” ಎಂದು ಕೇಳುವುದನ್ನು ಬಿಡೋಣ. “ಒಬ್ಬನೇ ಮೊದಲ ಸಲ ಹಾರಿದ ದಿನ ಹೇಗಿತ್ತಪ್ಪಾ?” ಎಂದು ಕೇಳೋಣ. ನಾವು ಅಂದು ಆ ಹುಡುಗನನ್ನು ಹಾಗೆ ಕೇಳಿದೆವು. ತಗ್ಗಿದ ತಲೆ ಮೇಲೆದ್ದಿತು. ಅರ್ಧ ಗಂಟೆ ಮಾತಾಡಿದ, ಅದೂ ಅಚ್ಚ ಕನ್ನಡದಲ್ಲಿ. ಹೋಗುವಾಗ, ಬೋಧಕರ ಪರೀಕ್ಷೆಗೆ ಓದುತ್ತೇನೆ ಎಂದ.

ಈಗ ‘ನನ್ನ ಗುರಿ’ ಪ್ರಬಂಧದ ಕೆಳಗೆ ನಾವು ಇನ್ನೂ ಒಂದು ಸಾಲು ಸೇರಿಸುತ್ತೇವೆ: ‘ಶುಭವಾಗಲಿ. ತಡವಾದರೆ ಹೆದರಬೇಡ.’