ಯಂತ್ರ ಬರಲಿ, ಹೆಜ್ಜೆಯ ಲೆಕ್ಕವೂ ಬರಲಿ

ಲಕ್ವ ಹೊಡೆದವರನ್ನು ನಡೆಸುವ ರೋಬೊ ಯಂತ್ರದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಮೇಲಿನಿಂದ ಇಳಿಬಿಟ್ಟ ಪಟ್ಟಿ ಮೈಭಾರ ಹೊತ್ತಿದೆ, ತೊಡೆ-ಮೀನಖಂಡಕ್ಕೆ ಮೋಟಾರಿನ ಲೋಹದ ಕಾಲು ಬಿಗಿದಿದೆ, ಅಡಿಯಲ್ಲಿ ಟ್ರೆಡ್‌ಮಿಲ್ ಓಡುತ್ತಿದೆ. ನಿನ್ನೆಯವರೆಗೆ ಹಾಸಿಗೆ ಹಿಡಿದಿದ್ದವರು ಹೆಜ್ಜೆ ಹಾಕುತ್ತಿದ್ದಾರೆ! ನಮ್ಮ ಜಿಲ್ಲಾಸ್ಪತ್ರೆಗೂ ಇಂಥದ್ದೊಂದು ಬರಲಿ ಎಂದು ಯಾರಿಗೆ ತಾನೇ ಅನ್ನಿಸದು? ಬರಲಿ. ಆದರೆ ಖರೀದಿ ಫೈಲಿಗೆ ಸಹಿ ಬೀಳುವ ಮೊದಲು ಒಂದು ಮಾತು ಕೇಳಿಬಿಡೋಣ: ಈಗ ಅಲ್ಲಿರುವ ರೋಗಿ ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತಿದ್ದಾನೆ?

ಈ ಪ್ರಶ್ನೆಗೆ ಕಾರಣವಿದೆ. ನಡಿಗೆ ಕಲಿಯುವ ಮಕ್ಕಳನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ತಂಡ ಕೂತು ಎಣಿಸಿತು. 2012ರಲ್ಲಿ ಪ್ರಕಟವಾದ ಲೆಕ್ಕ ಇದು: ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಇನ್ನೊಂದು ತಂಡ ಪಾರ್ಶ್ವವಾಯು ರೋಗಿಗಳ ಫಿಸಿಯೊಥೆರಪಿಯನ್ನು ಎಣಿಸಿತ್ತು. ನಡಿಗೆಯ ಅಭ್ಯಾಸಕ್ಕೆಂದೇ ಇಟ್ಟ ಒಂದು ಸರದಿಯಲ್ಲಿ ಸರಾಸರಿ 357 ಹೆಜ್ಜೆ. ಮೊದಲ ಸಲ ಕಲಿಯುವವರಿಗೆ ಸಾವಿರಗಟ್ಟಲೆ, ಮರೆತದ್ದನ್ನು ಮತ್ತೆ ಕಲಿಯಬೇಕಾದವರಿಗೆ ನೂರರ ಲೆಕ್ಕ. ಅದೂ ಸವಲತ್ತುಗಳಿರುವ ದೇಶದಲ್ಲಿ.

ಯಂತ್ರ ಹುಟ್ಟಿದ್ದೇ ಈ ಕೊರತೆ ತುಂಬಲು. 1987ರಲ್ಲಿ ಮಾಂಟ್ರಿಯಲ್‌ನ ಬಾರ್ಬೊ ಮತ್ತು ರೊಸಿನ್ಯೋಲ್ ಬೆನ್ನುಹುರಿ ಕಡಿದ ಬೆಕ್ಕುಗಳನ್ನು ಆಧಾರ ಕೊಟ್ಟು ಟ್ರೆಡ್‌ಮಿಲ್ ಮೇಲೆ ನಡೆಸಿದರು. ವಾರಗಳ ಅಭ್ಯಾಸದ ನಂತರ ಹಿಂಗಾಲುಗಳು ಮತ್ತೆ ಲಯ ಹಿಡಿದವು. ಮೆದುಳಿನ ಅಪ್ಪಣೆ ಬಾರದಿದ್ದರೂ ಬೆನ್ನುಹುರಿಗೆ ಹೆಜ್ಜೆಯ ಪಾಠ ಹತ್ತುತ್ತದೆ ಎಂದಾಯಿತು. ಮನುಷ್ಯರನ್ನೂ ಹಾಗೆಯೇ ತೂಗುಹಾಕಿ ನಡೆಸತೊಡಗಿದರು. ರೋಗಿಯ ಎರಡೂ ಬದಿ ಫಿಸಿಯೊಗಳು ಕುಕ್ಕರಗಾಲಲ್ಲಿ ಕೂತು ಒಂದೊಂದು ಪಾದವನ್ನೂ ಎತ್ತಿ ಇಡಬೇಕು. ಹತ್ತಿಪ್ಪತ್ತು ನಿಮಿಷಕ್ಕೆ ಅವರ ಸೊಂಟವೇ ಬಿದ್ದುಹೋಗುತ್ತಿತ್ತು. ಆ ದುಡಿಮೆಯನ್ನು ಮೋಟಾರಿಗೆ ಒಪ್ಪಿಸಿದ್ದು ಜ್ಯೂರಿಕ್‌ನ ಬಾಲ್ಗ್ರಿಸ್ಟ್ ಆಸ್ಪತ್ರೆಯಲ್ಲಿದ್ದ ಎಂಜಿನಿಯರ್ ಗೆರಿ ಕೊಲೊಂಬೊ. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಕಾಣುವ ಲೋಕೊಮ್ಯಾಟ್ ಬಂದದ್ದು ಹೀಗೆ. ಅರ್ಧ ಗಂಟೆಯಲ್ಲಿ ಸಾವಿರ ಹೆಜ್ಜೆ ದಾಟಿಸುವುದು ಅದಕ್ಕೆ ಕಷ್ಟವಲ್ಲ.

ಹಾಗಿದ್ದರೆ ತಕರಾರೇನು? ಹೆಜ್ಜೆ ಯಾರದ್ದು ಎನ್ನುವುದು. ಯಂತ್ರವೇ ಕಾಲೆತ್ತಿ ಇಡುವಾಗ ರೋಗಿ ಸುಮ್ಮನೆ ನೇತಾಡಿಕೊಂಡಿದ್ದರೂ ಪರದೆಯ ಮೇಲೆ ಅಂಕಿ ಏರುತ್ತದೆ. ಈಜು ಕಲಿಸುವವನು ಹೆಗಲ ಮೇಲೆ ಹೊತ್ತೇ ದಡ ಮುಟ್ಟಿಸಿದಂತೆ! 2008, 2009ರಲ್ಲಿ ಅಮೆರಿಕದಿಂದ ಬಂದ ಎರಡು ಅಧ್ಯಯನಗಳು ಇದನ್ನೇ ಹೇಳಿದವು. ಅಷ್ಟಿಷ್ಟು ನಡೆಯಬಲ್ಲವರಲ್ಲಿ, ರೋಬೊ ನಡೆಸಿದವರಿಗಿಂತ ಫಿಸಿಯೊಗಳು ನಡೆಸಿದವರೇ ಹೆಚ್ಚು ಚೇತರಿಸಿಕೊಂಡಿದ್ದರು.

2011ರಲ್ಲಿ ಇನ್ನೂ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಪಾರ್ಶ್ವವಾಯುವಿಗೆ ತುತ್ತಾದ 408 ಮಂದಿಯಲ್ಲಿ ಕೆಲವರಿಗೆ ಮೈಭಾರ ತೂಗುವ ಟ್ರೆಡ್‌ಮಿಲ್ ತರಬೇತಿ. ಉಳಿದವರಿಗೆ ಫಿಸಿಯೊ ಮನೆಗೇ ಬಂದು ಮಾಡಿಸುವ ಬಲ ಮತ್ತು ಸಮತೋಲದ ವ್ಯಾಯಾಮ. ವರ್ಷದ ಕೊನೆಗೆ ಒಟ್ಟಾರೆ ಶೇ 52ರಷ್ಟು ಜನರ ನಡಿಗೆ ಒಂದು ಮಟ್ಟ ಮೇಲೇರಿತ್ತು. ಎರಡೂ ಕಡೆ ಸಮ ಸಮ. ಮನೆಯ ನೆಲ ಟ್ರೆಡ್‌ಮಿಲ್‌ಗೆ ಸೋಲಲಿಲ್ಲ.

ಹಾಗೆಂದು ಯಂತ್ರ ದಂಡವೆಂದಲ್ಲ. ಹತ್ತಾರು ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಮೀಕ್ಷೆಯ ತೀರ್ಪು ಸ್ಪಷ್ಟ: ಫಿಸಿಯೊಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದರೆ ಆಸರೆಯಿಲ್ಲದೆ ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಹೆಚ್ಚು ಲಾಭ ಯಾರಿಗೆಂದರೆ, ಒಂದು ಹೆಜ್ಜೆಯನ್ನೂ ಇಡಲಾಗದವರಿಗೆ ಮತ್ತು ಲಕ್ವ ಹೊಡೆದು ಮೂರು ತಿಂಗಳಾಗದವರಿಗೆ. ನಮ್ಮಲ್ಲಿ ಆ ಮೂರು ತಿಂಗಳು ಎಲ್ಲಿ ಕಳೆಯುತ್ತದೆ? ಎಣ್ಣೆ ತಿಕ್ಕಿಸುವುದರಲ್ಲಿ, ಪಾರಿವಾಳದ ರಕ್ತ ಹಚ್ಚಿಸುವುದರಲ್ಲಿ, ನಾಟಿ ಔಷಧಿಗೆಂದು ಊರೂರು ತಿರುಗುವುದರಲ್ಲಿ. "ಪಾಪ, ಸುಸ್ತಾಗಿದ್ದಾರೆ, ಮಲಗಿರಲಿ ಬಿಡಿ" ಎಂಬ ಮನೆಯವರ ಅಕ್ಕರೆಯಲ್ಲೂ. ನಗರದಲ್ಲಿ ಕೋಟಿ ಬೆಲೆಯ ಯಂತ್ರ ಕಾದು ಕೂತಿದ್ದರೂ ರೋಗಿ ಅದರ ಹತ್ತಿರ ಬರುವ ಹೊತ್ತಿಗೆ ಒಳ್ಳೆಯ ಕಾಲ ಕಳೆದಿರುತ್ತದೆ.

ಯಾವುದಾದರೂ ಫಿಸಿಯೊಥೆರಪಿ ವಿಭಾಗದ ಬಾಗಿಲಲ್ಲಿ ನಿಂತು ನೋಡಿ. ಪ್ಯಾರಲಲ್ ಬಾರ್ ನಡುವೆ ಅಜ್ಜ ನಿಂತಿದ್ದಾರೆ. ಸೊಂಟದ ಬೆಲ್ಟನ್ನು ಹಿಂದಿನಿಂದ ಹಿಡಿದ ಹುಡುಗಿ "ಮಂಡಿ ಎತ್ತಿ ಅಜ್ಜಾ, ಎಳೀಬೇಡಿ" ಎನ್ನುತ್ತಿದ್ದಾಳೆ. ಎಡಗಾಲ ಹವಾಯಿ ಚಪ್ಪಲಿ ಎರಡು ಹೆಜ್ಜೆ ಹಿಂದೆಯೇ ಕಳಚಿ ಬಿದ್ದಿದೆ, ಅಜ್ಜನಿಗೆ ಅದರ ಅರಿವಿಲ್ಲ. ಅವಳು ಅದನ್ನು ಕಾಲಿಂದಲೇ ಆಚೆ ಸರಿಸಿ, ಬೆರಳ ತುದಿ ನೆಲಕ್ಕೆ ಉಜ್ಜುತ್ತಿರುವುದನ್ನು ಕನ್ನಡಿಯಲ್ಲಿ ತೋರಿಸುತ್ತಾಳೆ. ಮುಂದಿನ ಹೆಜ್ಜೆಗೆ ಪಾದ ಅರ್ಧ ಅಂಗುಲ ಮೇಲೇಳುತ್ತದೆ. ಕಲಿಕೆ ನಡೆಯುವುದು ಈ ಅರ್ಧ ಅಂಗುಲದಲ್ಲಿ. ಅಷ್ಟರಲ್ಲಿ ಬೆಂಚಿನ ಮೇಲೆ ಕಾಯುತ್ತಿರುವವರ ಹೆಸರು ಕೂಗಬೇಕು. ಅಜ್ಜನ ಸರದಿ ಮುಗಿಯಿತು.

ಮನೆಗೆ ಹೋದರೆ ಹೊಸ್ತಿಲು, ಜಗಲಿಯ ಮೆಟ್ಟಿಲು, ಬಚ್ಚಲಿನ ಜಾರು ನೆಲ. ಸಪಾಟು ಪಟ್ಟಿಯ ಮೇಲೆ ನಡೆಸುವ ಯಂತ್ರ ಇವನ್ನು ಕಲಿಸದು. ಹಾಗಾಗಿ ಅಭ್ಯಾಸ ಮನೆಯಲ್ಲೂ ಮುಂದುವರಿಯಲೇಬೇಕು. ಅಂಗಳದಲ್ಲಿ ಸೊಂಟದೆತ್ತರಕ್ಕೆ ಎರಡು ಬಿದಿರು ಗಳ ಕಟ್ಟಿದರೆ ಪ್ಯಾರಲಲ್ ಬಾರ್ ಸಿದ್ಧ. ಡೇವಿಡ್ ವರ್ನರ್ ಹಳ್ಳಿಯ ಅಂಗವಿಕಲ ಮಕ್ಕಳಿಗಾಗಿ 1987ರಲ್ಲಿ ತಂದ ಪುಸ್ತಕದಲ್ಲೇ ಇಂಥ ಉಪಾಯಗಳಿವೆ. ಮಕ್ಕಳ ವಿಷಯದಲ್ಲಂತೂ ಮನೆಯ ಅಭ್ಯಾಸಕ್ಕೆ ಗಟ್ಟಿ ಪುರಾವೆಯಿದೆ. ಡೌನ್ ಸಿಂಡ್ರೋಮ್ ಇರುವ ಶಿಶುಗಳನ್ನು ಅಪ್ಪ-ಅಮ್ಮಂದಿರು ಮನೆಯಲ್ಲೇ ಪುಟ್ಟ ಟ್ರೆಡ್‌ಮಿಲ್ ಮೇಲೆ ಎತ್ತಿ ಹಿಡಿದರು. ದಿನಕ್ಕೆ ಎಂಟು ನಿಮಿಷ, ವಾರಕ್ಕೆ ಐದು ದಿನ. 2001ರಲ್ಲಿ ಡೇಲ್ ಉಲ್ರಿಚ್ ತಂಡ ಪ್ರಕಟಿಸಿದಂತೆ, ಆ ಮಕ್ಕಳು ಇತರರಿಗಿಂತ ಸುಮಾರು 101 ದಿನ ಮುಂಚೆ ಸ್ವತಂತ್ರವಾಗಿ ನಡೆದರು. ಚಿಕ್ಕ ಯಂತ್ರ, ದಿನನಿತ್ಯದ ಬಳಕೆ, ಹಿಡಿಯಲು ಮನೆಯವರ ಕೈ. ಮೂರೂ ಸೇರಿದ್ದರಿಂದ ಫಲ ಸಿಕ್ಕಿತು.

ಆದ್ದರಿಂದ ಕೇಳುವುದನ್ನು ಸರಿಯಾಗಿ ಕೇಳೋಣ. ದೊಡ್ಡ ಯಂತ್ರ ಬೇಕಿದ್ದರೆ ನಿಲ್ಲಲೂ ಆಗದವರಿಗೆ, ಮೊದಲ ಮೂರು ತಿಂಗಳವರಿಗೆ ಆದ್ಯತೆ ಕೊಡುವ ಷರತ್ತಿನ ಮೇಲೆ ಬರಲಿ. ಅದರ ಜೊತೆಗೇ ತಾಲ್ಲೂಕು ಆಸ್ಪತ್ರೆಗೆ ಕಾಯಂ ಫಿಸಿಯೊ ಹುದ್ದೆ, ಪ್ಯಾರಲಲ್ ಬಾರ್, ಚಾವಣಿಯ ಕೊಕ್ಕೆಗೆ ತೂಗುವ ಒಂದು ಸಾದಾ ಪಟ್ಟಿ ಬರಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು ಸೇರಲಿ: ದಿನಕ್ಕೆ ಎಷ್ಟು ಹೆಜ್ಜೆ, ಯಾರ ಆಸರೆಯಲ್ಲಿ, ಮತ್ತೆ ತೋರಿಸುವುದು ಯಾವತ್ತು. ಇದಕ್ಕೆ ಟೆಂಡರು ಬೇಕಿಲ್ಲ, ಪೆನ್ನು ಸಾಕು. ನಿಮ್ಮೂರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪರಿಚಯದವರು ಇದ್ದೇ ಇರುತ್ತಾರೆ. ಯಂತ್ರದ ಅರ್ಜಿ ಕೊಡಲು ಹೋಗುವವರು ಮುಂದಿನ ಸಭೆಗೆ ಈ ಒಂದು ಸಾಲಿನ ಅರ್ಜಿಯನ್ನೂ ಒಯ್ಯಲಿ.