ಅಪರಾಧಶಾಸ್ತ್ರವೂ ನಮ್ಮ ಮಕ್ಕಳೂ

ಪ್ಲಸ್ ಟು ಮುಗಿಸಿದ ಮಕ್ಕಳು ಮುಂದೇನು ಕಲಿಯಬೇಕೆಂಬ ಚರ್ಚೆ ನಮ್ಮ ಮನೆಗಳಲ್ಲಿ ವರ್ಷವೂ ನಡೆಯುವಂಥದು. ಆ ಮಾತು ಅಪರಾಧಶಾಸ್ತ್ರದ ಕಡೆಗೆ ಹೊರಳುವುದು ಅಪರೂಪ. ಹೊರಳಿದರೂ, ಪೊಲೀಸನಾಗಲು ಇಷ್ಟೆಲ್ಲ ಕಲಿಯಬೇಕೇ ಎಂಬ ಹೆತ್ತವರ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ.

ಈ ಶಾಸ್ತ್ರ ನಮ್ಮ ದೇಶಕ್ಕೆ ಹೊಸತೇನಲ್ಲ. ಸಾಗರ ವಿಶ್ವವಿದ್ಯಾನಿಲಯದಲ್ಲಿ 1959ರಲ್ಲೇ ಇದಕ್ಕೊಂದು ವಿಭಾಗ ತೆರೆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ. ನಮಗೆ ಕೈಗೆಟಕುವ ಮಂಗಳೂರಿನ ರೋಶನಿ ನಿಲಯದಲ್ಲಿಯೂ ಕಲಿಸುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಅಷ್ಟು ತಜ್ಞರು ಎಲ್ಲಿಂದ ಬರಬೇಕು?

ಹಾಗೆಂದು ಪದವಿ ಪತ್ರ ಕೈಗೆ ಬಂದೊಡನೆ ಉದ್ಯೋಗ ಸಿಕ್ಕೀತೆಂದು ನಾವು ಆಸೆ ಹುಟ್ಟಿಸಲಾರೆವು. ಎಸ್.ಐ. ಪರೀಕ್ಷೆಗೆ ಯಾವ ಪದವಿಯಾದರೂ ಆದೀತು. ಪ್ರಾಸಿಕ್ಯೂಟರ್ ಆಗಬೇಕಾದರೆ ಕಾನೂನು ಪದವಿಯೇ ಬೇಕು. ಪ್ರಯೋಗಾಲಯಗಳು ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರನ್ನೇ ಕೇಳುವುದುಂಟು. ಶುಲ್ಕ ಕಟ್ಟುವ ಮೊದಲು ಹಳೆಯ ಪಿ.ಎಸ್.ಸಿ. ಪ್ರಕಟಣೆಗಳನ್ನು ಓದಿ ನೋಡುವುದು ಲೇಸು. ಕಾಲೇಜಿನ ಬಣ್ಣದ ಕರಪತ್ರದಲ್ಲಿ ಇದು ಸಿಗುವುದಿಲ್ಲ.

ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಬೇರೊಂದು ಲೆಕ್ಕವಿದೆ. ಮಲಯಾಳ ಅರಿಯದ ಒಬ್ಬ ಕೂಲಿಯಾಳು ಠಾಣೆಯಲ್ಲಿ ನಿಂತು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಿದ ಮಾತು, ಕಾಗದದ ಮೇಲೆ ಮಲಯಾಳವಾಗಿ ಇಳಿಯುತ್ತದೆ. 'ಬಡಿದೆ'ಗೂ 'ತಳ್ಳಿದೆ'ಗೂ ಇರುವ ಅಂತರ ಆ ದಾರಿಯಲ್ಲಿ ಅಳಿದರೆ ಕಾನೂನಿನ ಕಲಮೇ ಬದಲಾದೀತು. ಆರೋಪಿಗೆ ಅರಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಕಾನೂನು ವಿಧಿಸಿದೆ. ದುಭಾಷಿ ಸತ್ಯವಾಗಿಯೇ ಅನುವಾದಿಸಬೇಕೆಂದೂ ಅದೇ ಹೇಳುತ್ತದೆ. ಹೇಳುವವರು ಬೇಕಲ್ಲ!

ಇನ್ನು ಪ್ರೊಬೇಶನ್ ಅಧಿಕಾರಿಯ ಹುದ್ದೆ. ಇದರ ಹೆಸರನ್ನೇ ಕೇಳದವರು ನಮ್ಮಲ್ಲಿ ಬಹಳ. 1958ರ ಕಾಯಿದೆಯಂತೆ, ಇಪ್ಪತ್ತೊಂದು ವರ್ಷ ತುಂಬದವನು ತಪ್ಪಿತಸ್ಥನೆಂದು ಕಂಡುಬಂದರೆ, ಜೀವಾವಧಿಯಂಥ ಶಿಕ್ಷೆಯ ಅಪರಾಧವಲ್ಲದಿದ್ದಲ್ಲಿ, ಜೈಲಿಗಟ್ಟುವ ಮೊದಲು ನ್ಯಾಯಾಲಯ ಈ ಅಧಿಕಾರಿಯ ವರದಿ ತರಿಸಬೇಕು. ಅವನ ಮನೆ, ನಡತೆ, ಸಹವಾಸಗಳನ್ನೆಲ್ಲ ವಿಚಾರಿಸಿ ಬರೆಯುವ ವರದಿ ಅದು. ಹುಡುಗನ ತಾಯಿಯೊಡನೆ ಅವಳ ಭಾಷೆಯಲ್ಲಿ ನಾಲ್ಕು ಮಾತಾಡಲಾರದವರು ಆ ವರದಿಯಲ್ಲಿ ಏನು ಬರೆದಾರು?

ಕನ್ನಡ-ಮಲಯಾಳ ಎರಡೂ ಬಲ್ಲ ಗುಮಾಸ್ತರನ್ನು ಪಿ.ಎಸ್.ಸಿ. ನಮ್ಮ ಜಿಲ್ಲೆಗೆಂದೇ ಆರಿಸಿದ್ದುಂಟು. ಅದೇ ಕ್ರಮವನ್ನು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಠಾಣೆ ಬರಹಗಾರರಿಗೂ ಪ್ರೊಬೇಶನ್ ಹುದ್ದೆಗಳಿಗೂ ಅನ್ವಯಿಸಬೇಕೆಂದು ಸರಕಾರವನ್ನು ನಾವು ಒತ್ತಾಯಿಸುತ್ತೇವೆ. ಸರಕಾರ ಒಪ್ಪಿದ ದಿನ, ಅರ್ಜಿ ಹಾಕಲು ಯೋಗ್ಯರಾದ ಕನ್ನಡಿಗರೇ ಇಲ್ಲವೆಂಬ ಉತ್ತರ ಬಾರದಂತೆ ನೋಡಿಕೊಳ್ಳುವುದು ನಮ್ಮ ಶಾಲೆಗಳ ಅಧ್ಯಾಪಕರಿಗೂ ಹೆತ್ತವರಿಗೂ ಬಿಟ್ಟದ್ದು.